ಕಿವಿಯ ಕೆಳಗಿನ ಧೂಳು

ಮೂರು ತಿಂಗಳು ನಾನು ಒಂದು ಚುಕ್ಕೆಯ ಜೊತೆ ಯುದ್ಧ ಮಾಡಿದೆ. ಕಪ್ಪು ಚುಕ್ಕೆ, ಸಾಸಿವೆ ಕಾಳಿಗಿಂತ ಒಂದು ಸುತ್ತು ದೊಡ್ಡದು. ಅದರ ದೆಸೆಯಿಂದ ಒಬ್ಬ ನಿರಪರಾಧಿ ವ್ಯಾಪಾರಿಗೆ ಫೋನಿನಲ್ಲಿ ಬಾಯಿಗೆ ಬಂದಂತೆ ಬೈದೆ. ಹೆಂಡತಿಯನ್ನು ದಿನಾ ಬೆಳಗ್ಗೆ ಕಾಫಿ ಕುಡಿಯಲೂ ಬಿಡದೆ ಕುರ್ಚಿಯಲ್ಲಿ ಕೂರಿಸಿದೆ. ಯುದ್ಧದಲ್ಲಿ ಗೆದ್ದಿರಾ ಎಂದು ನನ್ನನ್ನು ಕೇಳಬೇಡಿ, ಅವಳನ್ನು ಕೇಳಿ. ನಮ್ಮ ಮನೆಯಲ್ಲಿ ಸೋಲು ಗೆಲುವು ತೀರ್ಮಾನಿಸುವ ಅಧಿಕಾರ ಮೊದಲಿನಿಂದಲೂ ಅವಳದೇ.

ನಾನು ಫೋಟೋಗ್ರಾಫರ್. ಮನೆಯ ಮುಂದಿನ ಕೋಣೆಯೇ ನನ್ನ ಸ್ಟುಡಿಯೊ. ಒಂದು ದೊಡ್ಡ ಕಿಟಕಿ, ಒಂದು ಮರದ ಕುರ್ಚಿ, ಅದರ ಹಿಂದೆ ಒಂದು ಬಿಳಿ ಗೋಡೆ. ಇಲ್ಲಿಗೆ ಬಂದು ಕೂತ ಯಾವ ಮುಖವೂ ಬಂದ ಹಾಗೇ ವಾಪಸು ಹೋಗಿಲ್ಲ. ಮೊಡವೆ, ಕಲೆ, ಮಚ್ಚೆ, ಹಳೇ ಗಾಯದ ಗುರುತು, ಎಲ್ಲವನ್ನೂ ತೆಗೆದು ನುಣ್ಣಗೆ ಮಾಡಿ ಕೊಡುವುದೇ ನನ್ನ ಹೆಸರುವಾಸಿ ವಿದ್ಯೆ. ಹಿಂದೆ ಸಣ್ಣ ಕುಂಚದಲ್ಲಿ ಮಾಡುತ್ತಿದ್ದೆ, ಈಗ ಕಂಪ್ಯೂಟರಿನ ಮೌಸಿನಲ್ಲಿ. (ಒಬ್ಬ ಗಿರಾಕಿಯ ಮೂಗಿನ ಮೇಲಿದ್ದ ಮಚ್ಚೆ ತೆಗೆದು, ಅವನ ಪಾಸ್‌ಪೋರ್ಟ್ ಅರ್ಜಿ ತಿರಸ್ಕೃತವಾಗಿದ್ದೂ ಉಂಟು. ಆ ಕಥೆ ಈಗ ಬೇಡ.)

ನನ್ನ ಹತ್ತಿರ ಒಂದು ಹಳೇ ಕ್ಯಾಮೆರಾ ಇದೆ. ಅಗಲವಾದ ಫಿಲ್ಮಿನದು, ಇಟ್ಟಿಗೆಯಷ್ಟು ಭಾರ. ಹೊಟ್ಟೆಯ ಹತ್ತಿರ ಹಿಡಿದು ಮೇಲಿನಿಂದ ಬಗ್ಗಿ ನೋಡಬೇಕು. ಒಳಗಿನ ಗಾಜಿನಲ್ಲಿ ಎಡ ಬಲವಾಗಿ, ಬಲ ಎಡವಾಗಿ ಕಾಣುತ್ತದೆ. ಅದನ್ನು ಕೊಟ್ಟವರು ನನ್ನ ಮಾವ, ಅವರೂ ಫೋಟೋಗ್ರಾಫರೇ. ಮಗಳನ್ನೂ ಕ್ಯಾಮೆರಾವನ್ನೂ ಒಂದೇ ವಾರದಲ್ಲಿ ನನ್ನ ಕೈಗೊಪ್ಪಿಸಿದರು. ಕ್ಯಾಮೆರಾವನ್ನು ಹೇಗೆ ನೋಡಿಕೊಳ್ಳಬೇಕೆಂದು ಎರಡು ಗಂಟೆ ಉಪದೇಶ ಮಾಡಿದರು. ಮಗಳ ವಿಷಯದಲ್ಲಿ ಏನೂ ಹೇಳಲಿಲ್ಲ. ಅದು ಹೇಳಬೇಕಾದ ಸಂಗತಿ ಎಂದು ಅವರಿಗೆ ಅನ್ನಿಸಿರಲಿಕ್ಕಿಲ್ಲ, ಪಾಪ.

ಫಿಲ್ಮು ಸಿಗುವುದು ಕಷ್ಟವಾದ ಮೇಲೆ ಆ ಕ್ಯಾಮೆರಾ ಕಪಾಟು ಸೇರಿತ್ತು. ಈಚೆಗೆ ನನಗೊಂದು ವಿಚಾರ ಹೊಳೆಯಿತು. ಅದರ ಹಿಂಭಾಗದಲ್ಲಿರುವ ಫಿಲ್ಮಿನ ಡಬ್ಬಿಯನ್ನು ಕಳಚಬಹುದು. ಆ ಜಾಗಕ್ಕೆ ಸರಿಯಾಗಿ ಕೂರುವ ಡಿಜಿಟಲ್ ಬ್ಯಾಕ್ ಎಂಬ ಡಬ್ಬಿ ಬರುತ್ತದೆ, ಅದರೊಳಗೆ ಫಿಲ್ಮಿನ ಬದಲು ಸೆನ್ಸರ್. ಹಳೇ ಕ್ಯಾಮೆರಾ, ಹಳೇ ಲೆನ್ಸು, ಹೊಸ ಬೆನ್ನು. ದೂರದ ಊರಿನ ಒಬ್ಬ ವ್ಯಾಪಾರಿಯಿಂದ ಸೆಕೆಂಡ್‌ಹ್ಯಾಂಡ್ ಒಂದನ್ನು ತರಿಸಿಯೇ ಬಿಟ್ಟೆ.

"ಹಳೇದಕ್ಕೆ ಹೊಸ ಬೆನ್ನು ಸಿಗುತ್ತೆ ಅಂದ್ರೆ, ನಿಮ್ಮದಕ್ಕೂ ಒಂದು ಕೇಳಿನೋಡ್ಬೇಕಿತ್ತು," ಅಂದಳು ನನ್ನಾಕೆ. "ಬೆಳಗಾದ್ರೆ ನೋವು ನೋವು ಅಂತೀರ."

ಈ ಬ್ಯಾಕಿನಲ್ಲಿ ಒಂದು ತಾಪತ್ರಯವಿದೆ. ಫಿಲ್ಮು ಉದಾರಿ, ಫೋಕಸ್ಸು ಕೂದಲೆಳೆಯಷ್ಟು ತಪ್ಪಿದರೂ ಕ್ಷಮಿಸುತ್ತಿತ್ತು. ಸೆನ್ಸರ್ ಕ್ಷಮಿಸುವುದಿಲ್ಲ. ಗಾಜಿನಲ್ಲಿ ಸ್ಪಷ್ಟವಾಗಿ ಕಂಡದ್ದು ಫೋಟೋದಲ್ಲಿ ಮಂಜುಮಂಜು. ಸರಿಪಡಿಸಬೇಕಾದರೆ ಆ ಗಾಜಿನ ಅಡಿಗೆ ಕಾಗದದ ಚೂರು ಇಟ್ಟು, ಒಂದು ಫೋಟೋ ತೆಗೆದು, ನೋಡಿ, ಮತ್ತೆ ಚೂರು ಬದಲಿಸಬೇಕು. ಹೀಗೆ ಎಷ್ಟು ದಿನವೋ. ಪ್ರತಿ ಸಲವೂ ಅದೇ ಬೆಳಕು, ಅದೇ ದೂರ, ಅದೇ ವಸ್ತು ಇರಬೇಕು.

ಆ ವಸ್ತು ನನ್ನಾಕೆಯ ಓಲೆ. ಅವಳನ್ನು ಪಕ್ಕಕ್ಕೆ ತಿರುಗಿಸಿ ಕೂರಿಸುತ್ತಿದ್ದೆ. ಕೂದಲು ಮೇಲಕ್ಕೆತ್ತಿ ಕಟ್ಟಿರಬೇಕು, ಕುರ್ಚಿಯ ಕಾಲು ನೆಲಕ್ಕೆ ಅಂಟಿಸಿದ ಟೇಪಿನ ಗುರುತಿನ ಮೇಲೇ ಇರಬೇಕು, ಗದ್ದ ಕಿಟಕಿಯ ಚಿಲಕದ ನೇರಕ್ಕೆ ಇರಬೇಕು.

"ಸ್ವಲ್ಪ ಬಲಕ್ಕೆ ತಿರುಗು."

"ಯಾವ ಬಲ? ನಂದಾ, ಕ್ಯಾಮೆರಾದ್ದಾ?"

"ಬಲ ಅಂದ್ರೆ ಬಲ ಕಣೇ."

"ಈ ಮನೇಲಿ ಮೂವತ್ತು ವರ್ಷದಿಂದ ನೀವು ಬಲ ಅಂದಾಗೆಲ್ಲ ಎಡ ಇರುತ್ತೆ," ಎಂದು ಎಡಕ್ಕೆ ತಿರುಗುತ್ತಿದ್ದಳು. ಅದೇ ಸರಿಯಾಗಿರುತ್ತಿತ್ತು.

ಮೊದಲ ದಿನವೇ ಚುಕ್ಕೆ ಪ್ರತ್ಯಕ್ಷವಾಯಿತು. ಓಲೆಗಿಂತ ಎರಡು ಬೆರಳು ಕೆಳಗೆ, ಕತ್ತಿನ ಮೇಲೆ. ಕಾರಣ ನನಗೆ ಆ ಕ್ಷಣವೇ ಹೊಳೆಯಿತು. (ನನಗೆ ಕಾರಣಗಳು ಆ ಕ್ಷಣವೇ ಹೊಳೆಯುತ್ತವೆ, ಅದೇ ನನ್ನ ರೋಗ.) ಸೆನ್ಸರಿನ ಮೇಲೆ ಧೂಳು. ಆ ಕ್ಯಾಮೆರಾದ ಅಂಚಿಗೆ ಬೆಳಕು ತಡೆಯಲು ಅಂಟಿಸಿದ ಕಪ್ಪು ಸ್ಪಂಜು ಇತ್ತು. ಕಪಾಟಿನಲ್ಲಿ ಕೂತು ಕೂತು ಕೊಳೆತು, ಮುಟ್ಟಿದರೆ ಪುಡಿಪುಡಿಯಾಗಿ ಕೈಗೆ ಅಂಟುತ್ತಿತ್ತು. ನಾನು ಸ್ಪಂಜನ್ನು ಕೆರೆದೆ. ಗಾಳಿ ಊದುವ ರಬ್ಬರ್ ಬುರುಡೆಯಿಂದ ಸೆನ್ಸರಿಗೆ ಊದಿದೆ. ಔಷಧಿ ಹಚ್ಚಿದ ಬಟ್ಟೆಯಲ್ಲಿ ಉಸಿರು ಬಿಗಿಹಿಡಿದು ಒರೆಸಿದೆ. ಮರುದಿನ ಫೋಟೋ ತೆಗೆದರೆ ಚುಕ್ಕೆ ಅಲ್ಲೇ ಇದೆ.

ವ್ಯಾಪಾರಿಗೆ ಫೋನು ಮಾಡಿದೆ. ಎರಡು ಫೋಟೋಗಳನ್ನೂ ಕಳಿಸಿದೆ. ಅವನು ಎರಡನ್ನೂ ತೆರೆದು ನೋಡಿದ.

"ಸರ್, ಒಂದ್ಸಲ ಬಿಳಿ ಗೋಡೆ ಫೋಟೋ ತೆಗೀರಿ. ಧೂಳಾಗಿದ್ರೆ ಗೋಡೆ ಮೇಲೂ ಬರುತ್ತೆ."

"ಏನಪ್ಪಾ, ನನಗೇ ಪಾಠ ಹೇಳ್ತೀಯಾ? ನೀನು ಹುಟ್ಟೋಕೆ ಮುಂಚಿನಿಂದ ಸ್ಟುಡಿಯೊ ನಡೆಸ್ತಿದೀನಿ."

"ಹಾಗಲ್ಲ ಸರ್. ದಯವಿಟ್ಟು ಗೋಡೆ ತೆಗೀರಿ. ಇವತ್ತೇ ತೆಗೀರಿ."

ನಾನು ತೆಗೆಯಲಿಲ್ಲ. ಕುರ್ಚಿಯ ಹಿಂದೆಯೇ ಗೋಡೆ ಇತ್ತು. ಹೆಂಡತಿಯನ್ನು ಎಬ್ಬಿಸಿ ಒಂದು ಸಲ ಗುಂಡಿ ಒತ್ತಿದ್ದರೆ ಮುಗಿಯುತ್ತಿತ್ತು. ಆದರೆ ಮಾರುವವನ ಮಾತು ಕೇಳಿ ಗೋಡೆಯ ಫೋಟೋ ತೆಗೆಯುವಷ್ಟು ಕೆಳಮಟ್ಟಕ್ಕೆ ನಾನು ಇಳಿದಿರಲಿಲ್ಲ. ಅದರ ಬದಲು ದೂರಿನ ಕಡತ ತಯಾರಿಸತೊಡಗಿದೆ. ದಿನಕ್ಕೊಂದು ಫೋಟೋ, ತಾರೀಖಿನ ಸಮೇತ. ದೊಡ್ಡದು ಮಾಡಿ ಚುಕ್ಕೆಯ ಅಗಲವನ್ನು ಅಳೆದು ಬರೆದಿಟ್ಟೆ. ಮೊದಲ ತಿಂಗಳಿಗಿಂತ ಮೂರನೇ ತಿಂಗಳಿಗೆ ಅಗಲ ಜಾಸ್ತಿಯಾಗಿತ್ತು, ಒಂದು ಅಂಚು ಸೊಟ್ಟಗಾಗಿತ್ತು. ನನಗೆ ಖುಷಿಯೋ ಖುಷಿ. "ನಿನ್ನ ಧೂಳು ಬೆಳೀತಾ ಇದೆ ಕಣಯ್ಯಾ, ನನ್ನ ಹತ್ರ ಸಾಕ್ಷಿ ಇದೆ," ಎಂದು ಅವನಿಗೆ ವಾರ ವಾರ ಬರೆದೆ. ಅವನು ವಾರ ವಾರ ಒಂದೇ ಉತ್ತರ ಕಳಿಸಿದ. ಗೋಡೆ ತೆಗೀರಿ ಸರ್.

ಹೆಂಡತಿಗೆ ಮಾತ್ರ ಚುಕ್ಕೆಯ ಫೋಟೋ ಒಂದನ್ನೂ ತೋರಿಸಲಿಲ್ಲ. ಬ್ಯಾಕು ತರಿಸಿದ್ದೇ ದಂಡ ಎನ್ನುತ್ತಿದ್ದವಳ ಕೈಗೆ ಅಸ್ತ್ರ ಕೊಡುವುದುಂಟೇ? ಮೌಸಿನಲ್ಲಿ ಒಂದು ಸಲ ಒತ್ತಿ ಚುಕ್ಕೆ ಅಳಿಸಿ, ಕತ್ತನ್ನು ಅಮೃತಶಿಲೆಯಷ್ಟು ನುಣ್ಣಗೆ ಮಾಡಿ ತೋರಿಸುತ್ತಿದ್ದೆ.

"ಚೆನ್ನಾಗಿ ಬಂದಿದೀನಿ ಅಲ್ವಾ," ಎನ್ನುತ್ತಿದ್ದಳು ಅವಳು.

ಒಂದು ದಿನ ಅವಳು ಮುಷ್ಕರ ಹೂಡಿದಳು.

"ಇವತ್ತು ನಾನು ಕೂರಲ್ಲ. ಕತ್ತು ತುರಿಸ್ತಾ ಇದೆ, ಮೈಗೂ ಹುಷಾರಿಲ್ಲ. ನಿಮ್ಮ ಓಲೇನ ಗೋಡೆಗೆ ನೇತು ಹಾಕಿ ತೆಕ್ಕೊಳ್ಳಿ."

ಓಲೆ ಬಿಚ್ಚಿ ಮೇಜಿನ ಮೇಲಿಟ್ಟು ಒಳಗೆ ಹೋದಳು. ನನಗೆ ಸಿಟ್ಟು ಬಂತು. ಸಿಟ್ಟಿನಲ್ಲಿ ಖಾಲಿ ಕುರ್ಚಿಯ ಹಿಂದಿನ ಖಾಲಿ ಗೋಡೆಯ ಫೋಟೋ ತೆಗೆದೆ. ವ್ಯಾಪಾರಿಯ ಮಾತು ಕೇಳಿ ಅಲ್ಲ, ಹೆಂಡತಿಯ ಮೇಲಿನ ಹಠಕ್ಕೆ. ಅದು ಬೇರೆ ವಿಷಯ ಎಂದು ಆಗ ಅನ್ನಿಸಿತ್ತು.

ಗೋಡೆ ಹಾಲಿನಷ್ಟು ಬೆಳ್ಳಗೆ ಬಂತು. ಚುಕ್ಕೆ ಇಲ್ಲ.

ಇನ್ನೊಂದು ತೆಗೆದೆ, ಅದರಲ್ಲೂ ಇಲ್ಲ. ಇಷ್ಟು ನಡೆದರೂ, ಓದುಗರೇ, ನನ್ನ ತಲೆಗೆ ಹೊಳೆದದ್ದು ಏನು ಗೊತ್ತೇ? ಒಳಕೋಣೆಯ ಕಡೆ ತಿರುಗಿ ಕೂಗಿದೆ.

"ಬಾರೇ ಇಲ್ಲಿ. ನೀನು ಕೂತಾಗ ಮಾತ್ರ ಧೂಳು ಬರುತ್ತೆ. ಪೌಡರು ಗೀಡರು ಏನಾದ್ರೂ ಹಾಕ್ಕೊಂಡು ಬರ್ತೀಯಾ?"

ಅವಳು ಕೈ ಒರೆಸಿಕೊಳ್ಳುತ್ತ ಬಂದಳು. ಪರದೆಯ ಮೇಲೆ ಒಂದು ಪಕ್ಕ ಗೋಡೆ, ಇನ್ನೊಂದು ಪಕ್ಕ ನಿನ್ನೆಯ ಅವಳ ಫೋಟೋ, ಅಳಿಸದೆ ಇಟ್ಟದ್ದು. ಅವಳು ಎರಡನ್ನೂ ನೋಡಿದಳು. ಆಮೇಲೆ ಕೈ ತಾನಾಗಿ ಕೂದಲಿನ ಒಳಕ್ಕೆ, ಕಿವಿಯ ಕೆಳಕ್ಕೆ ಹೋಯಿತು.

"ಇಷ್ಟು ದೊಡ್ಡದಾಗಿದೆಯಾ?"

"ಏನು?"

"ಮಚ್ಚೆ. ಎರಡು ವರ್ಷದ ಹಿಂದೆ ನಿಮಗೆ ತೋರಿಸಿದ್ದೆ. ಏನೋ ಹೊಸದಾಗಿ ಬಂದಿದೆ, ನನ್ನ ಕಣ್ಣಿಗೆ ಎಟುಕಲ್ಲ, ನೋಡಿ ಅಂದಿದ್ದೆ. ನೀವು ಕಂಪ್ಯೂಟರಿಂದ ತಲೆ ಎತ್ತದೇನೇ, ಬಿಡೇ, ಫೋಟೋದಲ್ಲಿ ತೆಗೆದುಹಾಕ್ತೀನಿ ಅಂದ್ರಿ." ಪರದೆಯ ಕಡೆ ಬೆರಳು ತೋರಿಸಿ ಹೇಳಿದಳು, "ದಿನಾ ತೋರಿಸಿದ ಫೋಟೋದಲ್ಲಿ ಇರಲಿಲ್ಲ. ಹೋಯ್ತೇನೋ ಅಂದ್ಕೊಂಡಿದ್ದೆ."

ಬೈದಿದ್ದರೆ ಚೆನ್ನಾಗಿತ್ತು. ಮೂವತ್ತು ವರ್ಷ ಬೈಸಿಕೊಂಡು ಅಭ್ಯಾಸವಿದ್ದ ನನಗೆ ಅವಳು ಬೈಯದೆ ನಿಂತದ್ದನ್ನು ಹೇಗೆ ತಡೆದುಕೊಳ್ಳಬೇಕೋ ತಿಳಿಯಲಿಲ್ಲ.

ಅವತ್ತೇ ಚರ್ಮದ ಡಾಕ್ಟರ ಹತ್ತಿರ ಹೋದೆವು. ಹೊರಗೆ ತುಂಬಲು ಒಂದು ಕಾಗದ ಕೊಟ್ಟರು. ಯಾವ ಭಾಗದಲ್ಲಿ ಎಂದಿದ್ದ ಕಡೆ ನಾನು "ಕತ್ತಿನ ಬಲಗಡೆ" ಎಂದು ಮುದ್ದಾಗಿ ಬರೆದೆ. ಅವಳು ನನ್ನ ಕೈಯಿಂದ ಪೆನ್ನು ಕಿತ್ತುಕೊಂಡು ಎಡ ಎಂದು ತಿದ್ದಿದಳು. "ಇಲ್ಲೂನಾ," ಅಂದಳು, ಅಷ್ಟೇ.

ಡಾಕ್ಟರಮ್ಮ ದೀಪ ಹಿಡಿದು ಬಹಳ ಹೊತ್ತು ನೋಡಿದರು. ಮುಖದಲ್ಲಿ ಏನೂ ತೋರಿಸಲಿಲ್ಲ.

"ಇದು ಬೆಳೀತಾ ಇದೆಯಾ, ಮೊದಲಿಂದ ಹೀಗೇ ಇತ್ತಾ? ನೆನಪಿದೆಯಾ?"

ನಾನು ಚೀಲದಿಂದ ದೂರಿನ ಕಡತ ತೆಗೆದು ಮೇಜಿನ ಮೇಲಿಟ್ಟೆ. ಎಂಬತ್ತೆರಡು ಫೋಟೋ. ಒಂದೇ ಬೆಳಕು, ಒಂದೇ ದೂರ, ತಾರೀಖು, ಅಗಲ, ಅಂಚು ಸೊಟ್ಟಗಾದ ದಿನ. ಅವರು ಹಾಳೆ ತಿರುವುತ್ತ ಹೋದರು.

"ಯಾವ ರೋಗಿಯ ಮನೆಯವರೂ ಇಷ್ಟು ಕಾಳಜಿಯಿಂದ ದಾಖಲೆ ಇಟ್ಟದ್ದು ನಾನು ನೋಡಿಲ್ಲ," ಅಂದರು. ಹಾಳೆಯ ತುದಿಯಲ್ಲಿದ್ದ ಅಕ್ಷರಗಳನ್ನು ಕಣ್ಣು ಕಿರಿದು ಮಾಡಿ ಓದಿದರು. "ಹಣ ವಾಪಸು ಕೋರಿಕೆ, ಸಾಕ್ಷಿ ನಂಬರು ನಲವತ್ತೊಂದು. ಇದೇನಿದು?"

"ಅದು ಬೇರೆ, ಡಾಕ್ಟ್ರೇ," ಅಂದಳು ನನ್ನಾಕೆ. ಅಲ್ಲೂ ನನ್ನ ಮಾನ ಉಳಿಸಿದವಳು ಅವಳೇ.

ಮಚ್ಚೆಯನ್ನು ಸುತ್ತಲಿನ ಚರ್ಮದ ಸಮೇತ ಕತ್ತರಿಸಿ ತೆಗೆದರು. ವರದಿ ಬರಲು ಹತ್ತು ದಿನ. ಆ ಹತ್ತು ದಿನದಲ್ಲಿ ನಾನು ಒಂದು ಫೋಟೋವನ್ನೂ ತೆಗೆಯಲಿಲ್ಲ. ಕಾಫಿ ನಾನೇ ಮಾಡಿದೆ, ಕೆಟ್ಟದಾಗಿ. ಅವಳು ತುಟಿಪಿಟಕ್ಕೆನ್ನದೆ ಕುಡಿದಳು. ಅವಳು ನನ್ನ ಕಾಫಿಯಲ್ಲಿ ಕೊಂಕು ತೆಗೆಯದ ಆ ಹತ್ತು ದಿನಗಳಂಥ ಭಯಂಕರ ದಿನಗಳನ್ನು ನಾನು ಕಂಡಿಲ್ಲ. ಒಳಕೋಣೆಯ ಗೋಡೆಯ ಮೇಲೆ ಅವಳದೇ ದೊಡ್ಡ ಫೋಟೋ ಇತ್ತು, ಮದುವೆಯಾಗಿ ಮೂವತ್ತು ವರ್ಷವಾದ ದಿನ ತೆಗೆದದ್ದು. ಕತ್ತು ನುಣ್ಣಗಿತ್ತು. ಅದನ್ನು ಇಳಿಸಿ ಗೋಡೆಗೆ ಮುಖ ಮಾಡಿ ಇಟ್ಟೆ.

ವರದಿ ಬಂತು. ಡಾಕ್ಟರಮ್ಮ ಹೆದರಿದ್ದ ರೋಗವೇ, ಚರ್ಮದ ಕ್ಯಾನ್ಸರ್. ಆದರೆ ಇನ್ನೂ ಆಳಕ್ಕೆ ಇಳಿದಿಲ್ಲ, ಪೂರ್ತಿ ತೆಗೆದಿದ್ದೇವೆ ಅಂದರು. "ಇನ್ನೊಂದಷ್ಟು ತಿಂಗಳು ಬಿಟ್ಟು ಬಂದಿದ್ದರೆ ನಾನು ಬೇರೆ ಮಾತು ಆಡಬೇಕಾಗ್ತಿತ್ತು. ಇನ್ನು ಐದು ವರ್ಷ ತಿಂಗಳು ತಿಂಗಳು ಆ ಜಾಗ ನೋಡ್ತಾ ಇರಬೇಕು. ನಿಮ್ಮ ಯಜಮಾನ್ರು ಫೋಟೋ ತೆಗೆದಿಡಲಿ, ಚೆನ್ನಾಗಿ ತೆಗೀತಾರೆ."

ಮನೆಗೆ ಬಂದ ಮೇಲೆ ನನ್ನಾಕೆಯ ಬಾಯಿ ವಾಪಸು ಬಂತು. ಮೊದಲ ಆಜ್ಞೆ, ವ್ಯಾಪಾರಿಗೆ ಕ್ಷಮೆ ಕೇಳಿ ಬರೆಯುವುದು. ಅವಳು ಹೇಳಿದಳು, ನಾನು ಬರೆದೆ. "ದುಡುಕಿ" ಎಂದು ನಾನು ಬರೆದ ಕಡೆ "ದಡ್ಡತನದಿಂದ" ಎಂದು ತಿದ್ದಿಸಿದಳು. ಮರುದಿನ ಉತ್ತರ ಬಂತು. ಅವಳೇ ಗಟ್ಟಿಯಾಗಿ ಓದಿದಳು.

"ಸರ್, ಅಮ್ಮ ಹುಷಾರಾಗಿದಾರೆ ಅಂತ ಕೇಳಿ ಸಮಾಧಾನವಾಯಿತು. ನೀವು ಮೊದಲು ಕಳಿಸಿದ ಎರಡು ಫೋಟೋದಲ್ಲೇ ನನಗೆ ಅದು ಧೂಳಲ್ಲ ಅನ್ನಿಸಿತ್ತು. ಚುಕ್ಕೆ ಅವರ ಜೊತೆ ಒಂದು ಕೂದಲೆಳೆ ಸರಿದಿತ್ತು, ಧೂಳಾಗಿದ್ದರೆ ಇದ್ದಲ್ಲೇ ಇರುತ್ತಿತ್ತು. ಆದರೆ ಪರಿಚಯವಿಲ್ಲದ ಮನೆಯ ಹೆಂಗಸರ ಮೈಮೇಲೆ ಏನೋ ಇದೆ ಅಂತ ಗಿರಾಕಿಗೆ ಹೇಗೆ ಹೇಳೋದು ಗೊತ್ತಾಗಲಿಲ್ಲ. ಅದಕ್ಕೇ ಗೋಡೆ ತೆಗೀರಿ ಅಂತ ಹೇಳ್ತಾ ಇದ್ದೆ. ಬಾಯಿಬಿಟ್ಟು ಹೇಳಬೇಕಿತ್ತು. ತಪ್ಪಾಯಿತು."

ಅವಳು ಫೋನು ಕೆಳಗಿಟ್ಟಳು. "ನೋಡಿ, ಅವರು ತಪ್ಪಾಯ್ತು ಅಂತಾರೆ," ಅಂದಳು. ನಾನು ಟೇಪಿನ ಗುರುತನ್ನೇ ನೋಡುತ್ತ ಕೂತೆ. ನೂರಾರು ಮೈಲಿ ದೂರದವನಿಗೆ ಎರಡೇ ಫೋಟೋದಲ್ಲಿ ಕಂಡದ್ದು, ಪಕ್ಕದಲ್ಲೇ ಮಲಗುವ ನನಗೆ ಎಂಬತ್ತೆರಡರಲ್ಲೂ ಕಂಡಿರಲಿಲ್ಲ.

ಹೊಲಿಗೆ ಬಿಚ್ಚಿದ ಮೇಲೆ ಮೊದಲ ತಿಂಗಳ ಫೋಟೋ. ಬೆಳಗಿನ ಬಿಸಿಲು ಕಿಟಕಿಯಿಂದ ಬಂದಿತ್ತು. ಹಳೇ ಕ್ಯಾಮೆರಾವನ್ನು ಕಪಾಟಿನಿಂದ ತಂದು, ಒರೆಸಿ, ಬ್ಯಾಕು ಕೂರಿಸಿದೆ. ಅವಳು ಕೂದಲು ಮೇಲೆ ಕಟ್ಟಿ ಗುರುತಿನ ಮೇಲೆ ಕೂತಳು.

"ಮೊದಲು ಕಣ್ಣಲ್ಲಿ ನೋಡಿ," ಅಂದಳು. "ಕ್ಯಾಮೆರಾ ಆಮೇಲೆ."

ಹತ್ತಿರ ಹೋದೆ. ಓಲೆಯನ್ನು ಪಕ್ಕಕ್ಕೆ ಸರಿಸಿ, ಕನ್ನಡಕ ಒರೆಸಿಕೊಂಡು ಬಗ್ಗಿ ನೋಡಿದೆ. ಗಾಯದ ಗೆರೆ ಕೆಂಪಗೆ, ನೇರವಾಗಿ ಇತ್ತು. ಅದರ ತುದಿಯಲ್ಲಿ ಒಂದು ಕಪ್ಪು ಚುಕ್ಕೆ.

ಕನ್ನಡಕ ತೆಗೆದು ಹಾಕಿಕೊಂಡೆ. ಚುಕ್ಕೆ ಅಲ್ಲೇ ಇತ್ತು. ಅವಳಿಗೆ ಹೇಗೆ ಹೇಳಲಿ? ಐದು ವರ್ಷ ಎಂದಿದ್ದರು, ಇನ್ನೂ ಒಂದು ತಿಂಗಳೂ ತುಂಬಿಲ್ಲ. ಆ ವ್ಯಾಪಾರಿಗೆ ಬಾಯಿ ಯಾಕೆ ಬಂದಿರಲಿಲ್ಲ ಎಂದು ಆಗ ಅರ್ಥವಾಯಿತು.

"ಯಾಕ್ರೀ ಸುಮ್ಮನಾದ್ರಿ?"

ಬೆರಳ ತುದಿಯಿಂದ ಮೆಲ್ಲಗೆ ಮುಟ್ಟಿದೆ. ಚುಕ್ಕೆ ನನ್ನ ಬೆರಳಿಗೆ ಅಂಟಿಕೊಂಡು ಬಂತು. ಬೆಳಕಿಗೆ ಹಿಡಿದು ನೋಡಿದೆ. ಕ್ಯಾಮೆರಾದ ಅಂಚಿನ ಹಳೇ ಸ್ಪಂಜಿನ ಪುಡಿ, ಕೆರೆದರೂ ಉಳಿದಿದ್ದದ್ದು. ಓಲೆ ಸರಿಸುವಾಗ ನನ್ನ ಕೈಯಿಂದಲೇ ಅಂಟಿದ್ದು.

"ಧೂಳು," ಅಂದೆ. "ಧೂಳು ಕಣೇ."

ಅವಳು ಕತ್ತು ಅಲ್ಲಾಡಿಸಲಿಲ್ಲ. ಗದ್ದ ಕಿಟಕಿಯ ಚಿಲಕದ ನೇರಕ್ಕೇ ಇತ್ತು.

"ನೀವು ಧೂಳು ಅಂದ್ರೆ ನನಗೆ ನಂಬಿಕೆ ಇಲ್ಲ," ಅಂದಳು. "ಇನ್ನೊಂದ್ಸಲ ನೋಡಿ."

ಇನ್ನೊಂದು ಸಲ ನೋಡಿದೆ.