ಮಗಳಿಗೆ ಕೋಣೆಯಾಗದೆ ಮನೆ ಪಾಲಾಗಬಾರದು

ಯೀಸ್ಟ್ ಜೀವಕೋಶ, ವಿಭಜನಾ ಇಲಾಖೆ
ಬೇಕರಿಯ ಹಿಟ್ಟಿನ ತೊಟ್ಟಿ, ಎಡಮೂಲೆ

ಸಂಖ್ಯೆ: ಯೀಕೋ/ವಿಭಜನೆ/ತುರ್ತು/ತಡವಾಗಿ

ವಿಷಯ: ಮೊಗ್ಗು ಬೆಳೆಯುವ ಮುನ್ನ ವಂಶದ ನೂಲು (ಡಿಎನ್‌ಎ) ಹಂಚುವುದನ್ನು ನಿಷೇಧಿಸುವ ಬಗ್ಗೆ

ಬೇಸಿಗೆಯ ಮುಂಜಾನೆ ಬೇಕರಿಯವರು ಬೆಚ್ಚನೆಯ ಸಕ್ಕರೆ ನೀರು ಸುರಿದ ಹೊತ್ತಿನಿಂದ ಸಿಬ್ಬಂದಿ ಕಿಣ್ವಗಳಲ್ಲಿ ವಿಪರೀತ ಅವಸರ ಕಂಡುಬಂದಿದೆ. ಹಿಂದೊಮ್ಮೆ ಹೀಗೇ ಸಕ್ಕರೆ ಬಂದಾಗ, ತಾಯಿಕೋಶದ ಪಕ್ಕದಲ್ಲಿ, ಮುಂದೆ ಮಗಳಾಗಬೇಕಾದ ಮೊಗ್ಗು ಮೂಡುವ ಮೊದಲೇ ನೂಲನ್ನು ಎರಡು ಪಾಲು ಮಾಡಲಾಯಿತು. ಎರಡೂ ಪಾಲು ತಾಯಿಯ ಮನೆಯಲ್ಲೇ ಉಳಿದವು. ಮಗಳು ಹುಟ್ಟಲೇ ಇಲ್ಲ. ಇಲಾಖೆ ಅದನ್ನು ಮರೆತಿಲ್ಲ. ಈಗಿನ ಮೊಗ್ಗು ಇನ್ನೂ ಮೊಡವೆಯಷ್ಟಿದೆ. ಆದಕಾರಣ ಎಲ್ಲರಿಗೂ ಈ ಕೆಳಗಿನಂತೆ ತಿಳಿಯಪಡಿಸಲಾಗಿದೆ:

೧. ಪಾಲಿನ ಆದೇಶ ಕೊಡುವ ಕಿಣ್ವವಾದ ವಿಭಜನಾಧಿಕಾರಿ ಕೈನೇಸ್ ಅವರು, ಜೊತೆಗಾತಿ ಪ್ರೋಟೀನ್ ಸೈಕ್ಲಿನ್ ಪಕ್ಕದಲ್ಲಿ ಕೂರದ ಹೊರತು, ಯಾವ ಆದೇಶವನ್ನೂ ಹೊರಡಿಸತಕ್ಕದ್ದಲ್ಲ. ಆಕೆ ಇಲ್ಲದಾಗ ಅವರು ಹೇಗೂ ಸುಮ್ಮನೆ ಕೂತಿರುತ್ತಾರೆಂಬುದನ್ನು ಗಮನಿಸಲಾಗಿದೆ.

೨. ಆಕೆ ಕೂತರೂ, ಮೊಗ್ಗು ಬೆಳೆಯುವ ತನಕ, ತಡೆಹಾಕುವ ಕಿಣ್ವವಾದ ತಡೆಯಮ್ಮನವರು ಆದೇಶ ಹೊರಡದಂತೆ ಅಧಿಕಾರಿಯ ಮೈಗೆ ಫಾಸ್ಫೇಟ್ ಚೀಟಿ ಅಂಟಿಸತಕ್ಕದ್ದು. ಅಂಟಿಸುವಾಗ ಅಧಿಕಾರಿಗೆ ಕಚಗುಳಿಯಾದಲ್ಲಿ, ನಗುವನ್ನು ತಡೆದಿಟ್ಟು ಊಟದ ವಿರಾಮದಲ್ಲಿ ನಗತಕ್ಕದ್ದು.

೩. ಚೀಟಿ ಕೀಳುವ ಕಿಣ್ವವು ತಡೆಯಮ್ಮನವರ ಅಳಿಯನಾಗಿದ್ದು, ಆಕೆ ಅತ್ತ ತಿರುಗಿದ ಕೂಡಲೇ ಇತ್ತ ಕೀಳುತ್ತಿರುವುದು ಕಂಡುಬಂದಿದೆ. "ಅತ್ತೆ, ಹಿಟ್ಟು ಉಬ್ಬಿಲ್ಲ ಅಂತ ಹೊರಗೆ ಬೈತಾ ಇದ್ದಾರೆ, ಬಿಡಿ ಸ್ವಲ್ಪ" ಎಂಬ ಆತನ ವಿವರಣೆಯನ್ನೂ, "ಬೈದ್ರೆ ಬೈಲಿ ಕಣಪ್ಪ, ಮೊದಲು ಮಗೂಗೆ ಮಲಗೋಕೆ ಜಾಗ ಆಗ್ಲಿ" ಎಂಬ ಆಕೆಯ ಉತ್ತರವನ್ನೂ ಕಡತಕ್ಕೆ ಸೇರಿಸಲಾಗಿದೆ. ಅಳಿಯ ಬೇಕಿದ್ದರೆ ಮುನಿಸಿಕೊಳ್ಳಬಹುದು, ಚೀಟಿ ಮುಟ್ಟಬಾರದು.

೪. ಮೊಗ್ಗನ್ನು ದೊಡ್ಡದಾಗಿ ತೋರಿಸಲು ಯಾರೂ ಅದರೊಳಗೆ ನಿಂತು ಕೆನ್ನೆ ಉಬ್ಬಿಸತಕ್ಕದ್ದಲ್ಲ.

೫. ನೂಲು ಪಾಲಾದ ಮೇಲೂ ಸೈಕ್ಲಿನ್ ಕೂತೇ ಇದ್ದರೆ ಅಧಿಕಾರಿಯ ಆರ್ಭಟ ನಿಲ್ಲುವುದಿಲ್ಲ, ಮಗಳಿಗೆ ತಾಯಿಯಿಂದ ಬಿಡಿಸಿಕೊಳ್ಳಲಾಗುವುದಿಲ್ಲ. ಆದ್ದರಿಂದ ಆಕೆಯನ್ನು ಚೂರು ಮಾಡಿ ಸೇವೆಯಿಂದ ಬಿಡುಗಡೆಗೊಳಿಸತಕ್ಕದ್ದು. ಬೀಳ್ಕೊಡುಗೆಯ ಗುಂಪು ಚಿತ್ರವನ್ನು ಮುಂಚಿತವಾಗಿ ತೆಗೆಯುವುದು. ಆಮೇಲೆ ಆಕೆ ಇಡಿಯಾಗಿ ಸಿಗುವುದಿಲ್ಲ.

(ಸಹಿ)
ಹಿರಿಯ ಮೇಲ್ವಿಚಾರಕರು
ವಿಭಜನಾ ಇಲಾಖೆ

ಪ್ರತಿಗಳು (ಒಂದೊಂದಾಗಿ, ತಡವಾಗಿ, ಕಳಿಸಿದ ಹೊತ್ತಿನ ಷರಾದೊಂದಿಗೆ):
ತಡೆಯಮ್ಮನವರಿಗೆ. ಮೊಗ್ಗು ಸಾಕಷ್ಟು ಬೆಳೆದಿದೆಯೆಂದು ಸ್ವತಃ ಮುಟ್ಟಿ ನೋಡಿ ಒಪ್ಪಿರುತ್ತಾರೆ.
ಅಳಿಯನಿಗೆ. ಈಗ ಕೀಳಬಹುದು.
ಸೈಕ್ಲಿನ್ ಅವರಿಗೆ. ಸೋಮವಾರ ಹೋದರು. ಚಿತ್ರದಲ್ಲಿ ಕಣ್ಣು ಮುಚ್ಚಿಕೊಂಡಿದ್ದಾರೆ.
ತಾಯಿಕೋಶಕ್ಕೆ. ಮೊಗ್ಗು ಕಳಚಿದ ಕಡೆ ಗೋಡೆಯ ಮೇಲೆ ಗುರುತು ಉಳಿದಿದ್ದು, ಅದಕ್ಕೆ ಯಾರೂ ಸುಣ್ಣ ಬಳಿಯತಕ್ಕದ್ದಲ್ಲ.
ಮಗಳಿಗೆ. ತಲುಪಿಸಲಾಗಿಲ್ಲ. ತನ್ನ ಪಾಲಿನ ನೂಲನ್ನು ಪೂರ್ತಿ ತೆಗೆದುಕೊಂಡು ಮಂಗಳವಾರ ಹೊರಟುಹೋದಳು.