ಇಂಗ್ಲೆಂಡಿನ ಚರಂಡಿ, ದೊಡ್ಡಮ್ಮನ ಸಿಟ್ಟು

ಬಹ್ರೈನಿನ ಜುಲೈ ಸೆಖೆಗಿಂತ ಬಿಸಿಯಾದದ್ದು ಈ ದ್ವೀಪದಲ್ಲಿ ಒಂದೇ ಒಂದು ಉಂಟು: ನನ್ನ ದೊಡ್ಡಮ್ಮನ ತಲೆ! ಸೆಖೆಗಾದರೂ ಎಸಿ ಹಾಕಬಹುದು. ಇವರಿಗೆ ಏನು ಹಾಕುವುದು?

ಅಮ್ಮನ ಅಕ್ಕ ಇವರು. ಹರೆಯದಲ್ಲೇ ಉಡುಪಿಯಿಂದ ಇಂಗ್ಲೆಂಡಿಗೆ ಹೋಗಿ, ನಿವೃತ್ತಿಯ ತನಕ ಅಲ್ಲಿನ ಸರಕಾರಿ ಆರೋಗ್ಯ ಸೇವೆಯಲ್ಲಿ ನರ್ಸಾಗಿದ್ದವರು. ಮನೆಮನೆಗೆ ಹೋಗಿ ಬಾಣಂತಿಯರನ್ನು, ಕೂಸುಗಳನ್ನು ನೋಡುವುದು ಅವರ ಕೆಲಸ. ಚಳಿ ತಡೆಯುವುದಿಲ್ಲ ಅಂತ ಇಲ್ಲಿನ ಸನದ್ ಬಡಾವಣೆಯ ನಮ್ಮ ಫ್ಲ್ಯಾಟಿಗೆ "ಸ್ವಲ್ಪ ದಿನ"ಕ್ಕೆ ಬಂದರು. ಆ ಸ್ವಲ್ಪ ದಿನ ಇನ್ನೂ ಮುಗಿದಿಲ್ಲ!

ಬಂದ ಮಾರನೆಯ ದಿನವೇ ತಾರಸಿ ಹತ್ತಿ, ನೀರಿನ ಟ್ಯಾಂಕಿಯ ಮುಚ್ಚಳ ತೆಗೆದು, ಟಾರ್ಚ್ ಹಾಕಿ ನೋಡಿದರು. ತಳದಲ್ಲಿ ಬೆರಳುದ್ದ ಕೆಸರು. ಕಟ್ಟಡದ ಕಾವಲುಗಾರ ಏದುಸಿರು ಬಿಡುತ್ತಾ ಓಡಿಬಂದ. "ಮೇಡಂ, ಕ್ಯಾ ಗಿರಾ?" ಏನು ಬಿತ್ತು ಅಂತ.

"ನಿನ್ನ ಮರ್ಯಾದೆ!" ಅಂದರು ದೊಡ್ಡಮ್ಮ, ಅಚ್ಚ ಕನ್ನಡದಲ್ಲಿ. ಪಾಪ, ಅವನು ಟ್ಯಾಂಕಿಯೊಳಗೆ ಬಗ್ಗಿ ಅದನ್ನೇ ಹುಡುಕಿದ.

ಒಮ್ಮೆ ಹುಬ್ಬಳ್ಳಿಯ ಗೆಳೆಯರೊಬ್ಬರು ಊಟಕ್ಕೆ ಬಂದಿದ್ದರು. ಇಲ್ಲಿ ಬ್ಯಾಂಕಿನಲ್ಲಿ ದೊಡ್ಡ ಹುದ್ದೆ. ಮಾತಿಗೆ ಮಾತು ಬಂದು, "ಏನೇ ಅನ್ರಿ ಆಂಟಿ, ಇಂಗ್ಲಿಷ್ ಮಂದಿ ದೊಡ್ಡ ಮನಸ್ಸಿನವ್ರು. ಎಲ್ಲಾರ್ಗೂ ಪುಕ್ಕಟೆ ದವಾಖಾನಿ ಕೊಟ್ರು ನೋಡ್ರಿ!" ಅಂದುಬಿಟ್ಟರು.

ನಾನು ಮೆಲ್ಲಗೆ ಸಾಂಬಾರಿನ ಪಾತ್ರೆಯನ್ನು ದೊಡ್ಡಮ್ಮನ ಕೈಗೆ ಸಿಗದಷ್ಟು ದೂರ ಇಟ್ಟೆ.

"ಕೊಟ್ಟದ್ದಾ? ಪುಕ್ಕಟೆ ಯಾರು ಕೊಟ್ಟದ್ದು ಮಾರಾಯ್ರೆ? ನೂರೈವತ್ತು ಚಿಲ್ಲರೆ ವರ್ಷದ ಹಿಂದೆ ಅಲ್ಲಿನ ಬಡವರು ಕಾಲರಾದಲ್ಲಿ ಸಾಯುವಾಗ ದೊಡ್ಡವರು ಎಂತ ಹೇಳಿದ್ದು ಗೊತ್ತುಂಟಾ? ಅವರ ಕೊಳಕುತನ, ಅವರ ಹಣೆಬರಹ ಅಂತ! ಕೈಲಾಗದವರನ್ನು ವರ್ಕ್‌ಹೌಸ್ ಅಂತ, ಗಂಜಿಗಾಗಿ ದುಡಿಸುವ ಮನೆಗೆ ತಳ್ಳಿ, ಅಲ್ಲಿ ಗಂಡ ಹೆಂಡತಿಯನ್ನೇ ಬೇರೆ ಮಾಡಿದರು. ರೋಗ ಶ್ರೀಮಂತರ ಬೀದಿಗೂ ಬಂತು ನೋಡಿ, ಕೊಳಚೆ ತುಂಬಿದ ನದಿಯ ನಾತ ಪಾರ್ಲಿಮೆಂಟಿನ ಕಿಟಕಿಗೂ ಬಡಿಯಿತು ನೋಡಿ, ಆಗ ಚರಂಡಿ ಕಟ್ಟುವ ಬುದ್ಧಿ ಬಂತು! ಎಲ್ಲರಿಗೂ ಆಸ್ಪತ್ರೆ ಬೇಕಾದರೆ ಎರಡನೇ ಮಹಾಯುದ್ಧವೇ ಮುಗಿಯಬೇಕಾಯ್ತು. ಜನ ಹಟ ಹಿಡಿದು ತೆಗೆದುಕೊಂಡದ್ದು ಅದು. ಈಗ ಅದನ್ನೂ ಹಾಳು ಮಾಡ್ತಾ ಇದ್ದಾರೆ, ದರಿದ್ರದವರು!"

ಗೆಳೆಯರು ಅನ್ನ ಕಲಸುವುದನ್ನು ನಿಲ್ಲಿಸಿ, "ಆಂಟಿ, ಊಟದ ಹೊತ್ತಿನಾಗ ಚರಂಡಿ ವಿಷಯ..." ಅಂದರು.

"ಊಟಕ್ಕೂ ಚರಂಡಿಗೂ ಸಂಬಂಧ ಇಲ್ಲ ಅಂದುಕೊಂಡೇ ಅಷ್ಟು ಜನ ಸತ್ತದ್ದು!"

ಅವರು ಪಾಯಸಕ್ಕೆ ನಿಲ್ಲಲಿಲ್ಲ.

ಇಂಥವರ ಜೊತೆ ಬದುಕುವುದು ಹೇಗೆ ಹೇಳಿ? "ಬಿಡಿ ದೊಡ್ಡಮ್ಮ" ಅನ್ನುವುದೇ ನನ್ನ ಜಪವಾಗಿತ್ತು. ಹೋದ ಬೇಸಗೆಯವರೆಗೆ.

ನಮ್ಮ ಕಾರು ತೊಳೆಯುವ ಬಿಹಾರದ ಹುಡುಗ ಒಂದು ವಾರ ಬರಲಿಲ್ಲ. ಜ್ವರ, ವಾಂತಿ, ಭೇದಿ ಅಂತ ಅವನ ಕೋಣೆಯವನೊಬ್ಬ ಸುದ್ದಿ ತಂದ. "ಕಾರು ತೆಗಿ" ಅಂದರು ದೊಡ್ಡಮ್ಮ. ಮೀನಾ ಸಲ್ಮಾನ್ ಬಂದರಿನ ಕಡೆ ಅವನಿದ್ದ ಕಾರ್ಮಿಕರ ಬಿಡಾರಕ್ಕೆ ಹೋದೆವು. ಅಂಗಳದಲ್ಲಿ ಪಾಯಿಖಾನೆಯ ಗುಂಡಿ ಉಕ್ಕಿ ಹರಿಯುತ್ತಿತ್ತು. ಅದರ ಪಕ್ಕದಲ್ಲೇ ಮುಚ್ಚಳವಿಲ್ಲದ ಕುಡಿಯುವ ನೀರಿನ ಟ್ಯಾಂಕಿ. ಒಳಗೆ ಹುಡುಗ ಮಂಚಕ್ಕೆ ಅಂಟಿಕೊಂಡಂತೆ ಬಿದ್ದಿದ್ದ, ತುಟಿ ಒಡೆದಿತ್ತು.

ಬಿಡಾರದ ಮೇಲ್ವಿಚಾರಕ ನಗುತ್ತಾ ಬಂದ. "ಇವರಿಗೆ ಶುಚಿ ಅಂದರೇನು ಅಂತ ಗೊತ್ತಿಲ್ಲ ಮೇಡಂ. ಊರಲ್ಲೂ ಹೀಗೇ ಇರ್ತಾರೆ" ಅಂತ ಹಿಂದಿಯಲ್ಲಿ ಹೇಳಿದ.

ದೊಡ್ಡಮ್ಮ ಕಿರುಚಲಿಲ್ಲ. ಆ ಟ್ಯಾಂಕಿಯಿಂದ ಒಂದು ಲೋಟ ನೀರು ತುಂಬಿಸಿ ಅವನ ಮುಂದೆ ಹಿಡಿದರು. "ಪಿಯೋ."

ಅವನು ಹಿಂದೆ ಸರಿದ.

"ಪಿಯೋ! ಇವರು ದಿನಾ ಕುಡಿಯುವುದಿಲ್ವಾ?"

ಆಗ ನಾನು "ಬಿಡಿ ದೊಡ್ಡಮ್ಮ" ಅನ್ನಬೇಕಿತ್ತು. ಅನ್ನಲಿಲ್ಲ. ಬಿಡಾರದ ಮಾಲೀಕನಿಗೆ ಫೋನ್ ಮಾಡಿ, ನನಗೆ ಬರುವ ಅಷ್ಟೂ ಭಾಷೆಗಳಲ್ಲಿ ಬೈದೆ. ಆರೋಗ್ಯ ಇಲಾಖೆಯ ಹೆಸರೆತ್ತಿದ ಕೂಡಲೇ ಅವನ ದನಿ ಇಳಿಯಿತು. ಸಂಜೆಯೊಳಗೆ ಟ್ಯಾಂಕಿ ತೊಳೆಸುತ್ತೇನೆ, ಗುಂಡಿ ಖಾಲಿ ಮಾಡಿಸುತ್ತೇನೆ ಅಂದ. ಮಾಡಿಸಿದ ಕೂಡ. ನಾನು ಆದರೂ ಬಿಡಲಿಲ್ಲ, ದೂರು ಕೊಟ್ಟೇ ತೀರಿದೆ.

ಹುಡುಗನನ್ನು ಸಲ್ಮಾನಿಯಾದ ಆಸ್ಪತ್ರೆಗೆ ಸೇರಿಸಿದೆವು. ಡ್ರಿಪ್ ಏರಿತು, ಜ್ವರ ಇಳಿಯಿತು, ಅವನಿಗೆ ನಿದ್ದೆ ಹತ್ತಿತು. ಅಷ್ಟರಲ್ಲಿ ಅವನ ಫೋನ್ ಬಡಿದುಕೊಂಡಿತು. ಊರಿನಿಂದ ಅವನ ತಾಯಿ. ದೊಡ್ಡಮ್ಮ ಎತ್ತಿಕೊಂಡರು. ಆ ಕಡೆಯಿಂದ ಭೋಜಪುರಿಯಲ್ಲಿ ಅಳುವೋ ಅಳು. ದೊಡ್ಡಮ್ಮನಿಗೆ ಹಿಂದಿಯೇ ನೆಟ್ಟಗೆ ಬಾರದು. ಈಗ ಈ ತಾಯಿಗೂ ಬೈಗುಳ ಬಿತ್ತು ಅಂದುಕೊಂಡೆ.

"ಅಳಬೇಡಿ ಅಮ್ಮ," ಅಂದರು, ಕನ್ನಡದಲ್ಲೇ. ಅಷ್ಟು ಮೆತ್ತಗಿನ ದನಿ ಅವರಿಗೆ ಉಂಟೆಂದೇ ನನಗೆ ಗೊತ್ತಿರಲಿಲ್ಲ. "ಮಗ ಮಲಗಿದ್ದಾನೆ. ನಾನು ಇಲ್ಲೇ ಇದ್ದೇನೆ."

ಆ ತಾಯಿಗೆ ಎಂತ ಅರ್ಥವಾಯಿತೋ, ಅಳು ಸಣ್ಣದಾಯಿತು. ದೊಡ್ಡಮ್ಮ ಬಗ್ಗಿ, ಫೋನನ್ನು ಮಲಗಿದವನ ಮೂಗಿನ ಹತ್ತಿರ ಹಿಡಿದುಕೊಂಡು ನಿಂತರು, ಅವನ ಉಸಿರು ಅವಳಿಗೆ ಕೇಳಲಿ ಅಂತ.