ದೊಡ್ಡಮ್ಮನ ಅವರೆಬೀಜ ಮತ್ತು ನನ್ನ ಪುರಾವೆ

ನೆನಪಿನ ಶಕ್ತಿಯ ಬಗ್ಗೆ ಜಂಬ ಪಡುವವರನ್ನು ನಾನು ನಂಬುವುದಿಲ್ಲ. ಹೋದ ವರ್ಷದವರೆಗೆ ನಾನೂ ಅವರಲ್ಲೊಬ್ಬನಾಗಿದ್ದೆ. ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ ಕೊಳ್ಳೇಗಾಲದ ಕಾಲೇಜೊಂದರಲ್ಲಿ ಪಾಠ ಹೇಳುವ ನನಗೆ ಇನ್ನೊಂದು ಚಟವೂ ಇದೆ. ಹಳ್ಳಿಯವರು ‘ಹಿಂದಿನಿಂದ ಬಂದದ್ದು’ ಎಂದರೆ ಸಾಕು, ‘ಪುರಾವೆ ಎಲ್ಲಿ?’ ಎನ್ನುತ್ತೇನೆ. ಅವರು ಹೊಲಕ್ಕೆ ಹೋಗುತ್ತಾರೆ, ನಾನು ಅಲ್ಲೇ ನಿಂತಿರುತ್ತೇನೆ.

ಹೂಗ್ಯಂ ಹಳ್ಳಿಯ ನಮ್ಮ ದೊಡ್ಡಮ್ಮ ರಾಗಿಯ ನಡುವೆ ಅಕ್ಕಡಿ ಸಾಲಿಗೆ ಹಾಕುವ ಅವರೆ ಅವಳ ಅತ್ತೆಯ ಕಾಲದ ತಳಿ; ಅಂಗಡಿಯಲ್ಲಿ ಸಿಗುವಂಥದ್ದಲ್ಲ. ಪ್ರತಿವರ್ಷ ಹುಳು ಹಿಡಿಯದಿರಲೆಂದು ಬೀಜಕ್ಕೆ ಹರಳೆಣ್ಣೆ ಸವರಿ, ಮಡಕೆಗೆ ತುಂಬಿ, ಬಾಯಿ ಕಟ್ಟಿಡುತ್ತಾಳೆ. ಹೋದ ವರ್ಷ ಅವಳು ಕೈ ಮುರಿದುಕೊಂಡಿದ್ದರಿಂದ ಆ ಕೆಲಸ ನನಗೆ ಬಂತು. “ಚೆನ್ನಾಗ್ ಸವರ್ಲಾ. ಇದ್ ಬುಟ್ರೆ ನನ್ತವ ಬ್ಯಾರೆ ಬೀಜ ಇಲ್ಲ” ಎಂದಳು. ಪುರಾವೆ ಹುಡುಕುವವನಿಗೆ ಇದಕ್ಕಿಂತ ಒಳ್ಳೆಯ ಅವಕಾಶ ಉಂಟೆ? ಅರ್ಧ ಬೀಜಕ್ಕೆ ಎಣ್ಣೆ ಸವರಿ ಒಂದು ಮಡಕೆಗೂ ಉಳಿದರ್ಧವನ್ನು ಹಾಗೆಯೇ ಇನ್ನೊಂದಕ್ಕೂ ತುಂಬಿದೆ. ಗುರುತು ಹಾಕಲಿಲ್ಲ. ಎರಡೇ ಮಡಕೆ, ಮರೆಯುವುದಾದರೂ ಹೇಗೆ?

ಮಳೆ ಬಿದ್ದು, ಬಿತ್ತನೆಯ ದಿನ ಬಿಚ್ಚಿದರೆ ಒಂದರಲ್ಲಿ ಗಟ್ಟಿ ಬೀಜ. ಇನ್ನೊಂದರಲ್ಲಿ ತೂತು, ಪುಡಿ, ಹುಳುಗಳ ತುಂಬು ಸಂಸಾರ. ಅರ್ಧ ಬೀಜಕ್ಕಷ್ಟೇ ಎಣ್ಣೆ ಸವರಿದ್ದನ್ನು ನಾನು ದೊಡ್ಡಮ್ಮನ ಮುಂದೆ ಒಪ್ಪಿಕೊಂಡು, “ನೋಡು, ಎಣ್ಣೆ ಸವರಿದ್ದಕ್ಕೇ ಹುಳು ಬಿದ್ದಿದೆ” ಎಂದೆ. ಸುಳ್ಳಲ್ಲ, ನನಗೆ ನೆನಪಿದ್ದದ್ದೇ ಹಾಗೆ. ನನ್ನ ನೆನಪು ಯಾವಾಗಲೂ ನನ್ನ ಅಭಿಪ್ರಾಯದ ಪರವಾಗಿಯೇ ಸಾಕ್ಷಿ ಹೇಳುತ್ತದೆ.

ಅವಳು ಗಟ್ಟಿ ಬೀಜದೊಳಗೆ ಕೈಯಾಡಿಸಿ ಬೆರಳನ್ನು ನನ್ನ ಮೂಗಿಗೆ ಹಿಡಿದಳು. “ಮೂಸ್ಲಾ. ಏನ್ ವಾಸ್ನೆ?”

“ಹರಳೆಣ್ಣೆ” ಎಂದೆ.

“ಅಷ್ಟೊಂದ್ ಓದಕೆ ಮೂಗ್ನೂ ಒತ್ತೆ ಇಟ್ಟಿದ್ದೇನ್ಲಾ?”

ಉಳಿದರ್ಧ ಹೊಲಕ್ಕೆ ಬೀಜವೆಲ್ಲಿ? ಕೇಳಿದವರಿಗೆ ಬೊಗಸೆ ಬೀಜ ಕೊಡುವುದು ದೊಡ್ಡಮ್ಮನ ರೂಢಿ. ಅದನ್ನೂ ನಾನು ‘ಅವೈಜ್ಞಾನಿಕ ಹಂಚಿಕೆ’ ಎಂದಿದ್ದವನೇ. ಹಾಗೆ ಪಡೆದು ಬೆಳೆದಿದ್ದ ಪಕ್ಕದ ಮನೆ ಮಾದಮ್ಮ ಒಂದು ಮೊರ ಬೀಜ ತಂದಳು. “ತಕಳಕ್ಕ, ನೀ ಕೊಟ್ಟಿದ್ದೇಯ. ಮೇಷ್ಟ್ರ ಕೈಗ್ ಮಾತ್ರ ಕೊಡ್ಬ್ಯಾಡ” ಎಂದಳು. ಹೊಲ ತುಂಬಿತು.

ಒಂದೇ ಸಲದ ಫಲಿತಾಂಶವನ್ನು ನಂಬಬಾರದೆಂಬುದು ವಿಜ್ಞಾನದ ಮೊದಲ ಪಾಠ. ಸುಗ್ಗಿಯಾದ ಮೇಲೆ, ಮರುಪರೀಕ್ಷೆಗೆ ಒಂದು ಹಿಡಿ ಅವರೆ ಕೇಳಿದೆ. ದೊಡ್ಡಮ್ಮ ಧಾರಾಳವಾಗಿ ನನ್ನ ತಟ್ಟೆಗೇ ಹಾಕಿದಳು, ಸಾರಿನ ಸಮೇತ. “ತಕಳಪ್ಪ, ಎಂಗ್ ಬೇಕಾರೂ ಪರೀಕ್ಷೆ ಮಾಡ್ಕ. ಇದಿನ್ನ ಮೊಳ್ಯಕಿಲ್ಲ.”

ವಿಜ್ಞಾನದ ಮಾನ ಉಳಿಸಲು, ಉಪ್ಪು ಕಡಿಮೆ ಎಂದೆ. ಕಡಿಮೆಯಿರಲಿಲ್ಲ.